ಜೆಸಿಬಿ ಇಳಿಸುವ ಮೊದಲು ಕೆರೆಯನ್ನು ಓದುವುದು ಹೇಗೆ?

ಬೇಸಿಗೆ ಬಂತೆಂದರೆ ಊರೂರಲ್ಲಿ ಹೂಳೆತ್ತುವ ಕೆಲಸ ಶುರು. ಒಳ್ಳೆಯ ಕೆಲಸವೇ. ಆದರೆ ಹೂಳೆತ್ತಿದ ಮೇಲೂ ಎಷ್ಟೋ ಕೆರೆ ತುಂಬುವುದಿಲ್ಲ. ನೀರು ಬರುವ ಕಾಲುವೆಯೇ ಮುಚ್ಚಿಹೋಗಿದ್ದರೆ ಕೆರೆಯ ಅಂಗಳವನ್ನು ಎಷ್ಟು ಆಳ ತೋಡಿ ಏನು ಬಂತು? ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಒಂದೊಂದರ ಕಾಯಿಲೆಯೂ ಬೇರೆ. ನಿಮ್ಮೂರ ಕೆರೆಗೆ ಏನಾಗಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ನಾಲ್ಕೈದು ಜನ, ಒಂದು ಅಳತೆ ಟೇಪು, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, ಒಂದು ನೋಟ್‌ಬುಕ್ ಸಾಕು.

ಮೊದಲು ನಕ್ಷೆ

ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ. ಅದರ ಒಂದು ಇಂಚು ಎಂದರೆ ನೆಲದ ಮೇಲೆ 660 ಅಡಿ. ಕೆರೆ, ಹಳ್ಳ, ಸರ್ವೆ ನಂಬರ್ ಎಲ್ಲ ಅದರಲ್ಲಿರುತ್ತವೆ. ಜೊತೆಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್ ಇಟ್ಟುಕೊಳ್ಳಿ. ಸುತ್ತಲಿನ ದಿಣ್ಣೆಗಳ ನೆತ್ತಿಯನ್ನು ಪೆನ್ಸಿಲ್‌ನಲ್ಲಿ ಸೇರಿಸುತ್ತಾ ಬಂದರೆ ಯಾವ ನೆಲದ ಮಳೆನೀರು ನಿಮ್ಮ ಕೆರೆಗೆ ಬರುತ್ತದೆ ಅನ್ನುವುದು ಕಾಣುತ್ತದೆ. ಅದೇ ಜಲಾನಯನ ಪ್ರದೇಶ. ಎಷ್ಟು ಚದರ ಕಿಲೋಮೀಟರ್ ಎಂದು ಬರೆದಿಡಿ. ಮುಂದೆ ಬೇಕಾಗುತ್ತದೆ.

ನೀರು ಬರುವ ದಾರಿಯಲ್ಲಿ ಮೇಲಕ್ಕೆ ನಡೆಯಿರಿ

ಎಲ್ಲರೂ ಏರಿಯ ಮೇಲೆ, ಅಂದರೆ ನೀರು ತಡೆಯುವ ಮಣ್ಣಿನ ಒಡ್ಡಿನ ಮೇಲೆ, ನಿಂತು ಕೆರೆ ನೋಡುತ್ತಾರೆ. ನೀವು ಹಿಂದಕ್ಕೆ, ಹಳ್ಳದ ಮೂಲದ ಕಡೆ ಹೋಗಿ. ಎಲ್ಲಿ ನಿಂತಿದ್ದೀರಿ, ಅದು ಯಾವ ಸರ್ವೆ ನಂಬರ್ ಅಂತ ಸರ್ಕಾರದ ದಿಶಾಂಕ್ ಆ್ಯಪ್ ಹೇಳುತ್ತದೆ. ಒತ್ತುವರಿ ಒಂದೇ ತೊಂದರೆಯಲ್ಲ. ರಸ್ತೆಯ ಮೋರಿ ಹಳ್ಳದ ತಳಕ್ಕಿಂತ ಮೇಲಕ್ಕೆ ಕೂತಿದೆಯಾ? ಹಾಗಿದ್ದರೆ ಸಣ್ಣ ಮಳೆಯ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಮೇಲೆ ಸಾಲಾಗಿ ಚೆಕ್ ಡ್ಯಾಮ್, ಕೃಷಿ ಹೊಂಡ ಬಂದಿವೆಯಾ? ನೀಲಗಿರಿ ತೋಪು ಎಷ್ಟಿದೆ? ಇವೂ ಕೆರೆಗೆ ಬರುವ ನೀರನ್ನು ಕಡಿಮೆ ಮಾಡುತ್ತವೆ. ಬಯಲುಸೀಮೆಯಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಬಿದ್ದ (ಉಕ್ಕಿ ಹರಿದ) ನೀರೇ ಕೆಳಗಿನ ಕೆರೆಗೆ ಬರುವುದು. ಹಾಗಾಗಿ ನಿಮ್ಮ ಕೆರೆ ಬತ್ತಿದ್ದಕ್ಕೆ ಕಾರಣ ಪಕ್ಕದೂರಿನಲ್ಲಿರಬಹುದು. ನನ್ನ ಕೇಳಿದರೆ ಈ ನಡಿಗೆ ಮುಗಿಯುವ ತನಕ ಹೂಳಿನ ಮಾತೇ ಎತ್ತಬಾರದು.

ಏರಿ, ಕೋಡಿ, ತೂಬು

ಏರಿಯ ಹಿಂಬದಿಯ ಬುಡದಲ್ಲಿ ನಡೆಯಿರಿ. ಜಿನುಗು ಇದ್ದರೆ ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ತಿಳಿನೀರು ಬಂದರೆ ಸದ್ಯಕ್ಕೆ ಗಾಬರಿ ಬೇಡ, ಗಮನ ಇಟ್ಟಿರಿ. ಕೆಸರುನೀರು ಬಂದರೆ ಏರಿಯ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ. ತಡ ಮಾಡದೆ ಇಂಜಿನಿಯರ್‌ಗೆ ತಿಳಿಸಬೇಕು. ಇಲಿ, ಏಡಿ ಬಿಲಗಳನ್ನು ಗುರುತು ಹಾಕಿ. ಏರಿಯ ಮೇಲಿನ ದೊಡ್ಡ ಮರ ಸತ್ತರೆ ಅದರ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಅದನ್ನೂ ಬರೆದುಕೊಳ್ಳಿ.

ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ಎಷ್ಟು ಅಡಿ ಅಂತರ ಇದೆ ಅಂತ ಪೈಪಿನಿಂದ ಅಳೆಯಿರಿ. ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಕೋಡಿಗೆ ಮರಳಿನ ಚೀಲ ಪೇರಿಸುವುದುಂಟು. ಅದು ತುಂಬಾ ಅಪಾಯ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಏರಿ ಉಳಿಯುವುದಿಲ್ಲ.

ಇನ್ನು ತೂಬು, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಯಿ. ಹಳೆಯ ಕಲ್ಲಿನ ತೂಬಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ. ಎರಡು ಕಂಬ, ನಡುವೆ ಒಂದರ ಕೆಳಗೊಂದು ಅಡ್ಡ ಚಪ್ಪಡಿ, ಪ್ರತಿ ಚಪ್ಪಡಿಯಲ್ಲೂ ಒಂದು ತೂತು. ಆ ತೂತುಗಳ ಮೂಲಕ ಉದ್ದನೆಯ ಕೋಲು ಇಳಿಯುತ್ತದೆ. ಕೋಲಿನ ತುದಿಯ ಮರದ ಬೆಣೆ ತಳದ ಕಂಡಿಯನ್ನು ಮುಚ್ಚುತ್ತದೆ. ನೀರು ಬಿಡುವ ಆಳು, ಅಂದರೆ ನೀರುಗಂಟಿ, ಕೋಲು ಎತ್ತಿದರೆ ನೀರು ಏರಿಯಡಿಯ ಕಲ್ಲಿನ ಕಾಲುವೆ ಹಾದು ಗದ್ದೆಗೆ ಹೋಗುತ್ತದೆ. ಕೆಲವು ಕಡೆ ಮೇಲಿನ ಚಪ್ಪಡಿಯಲ್ಲಿ ಗಜಲಕ್ಷ್ಮಿ ಇರುತ್ತಾಳೆ.

ಹೂಳು ಎಷ್ಟಿದೆ ಅಂತ ಅಂದಾಜು ಮಾಡಲೂ ತೂಬು ಸಹಾಯಕ್ಕೆ ಬರುತ್ತದೆ. ಏರಿಯ ಆಚೆ ನೀರು ಹೊರಬೀಳುವ ಬಾಯಿಯ ತಳಮಟ್ಟ ಹಿಡಿದು, ಪೈಪನ್ನು ಹಂತ ಹಂತವಾಗಿ ಏರಿ ದಾಟಿಸಿ, ಈಚೆ ತೂಬಿನ ಹತ್ತಿರದ ಅಂಗಳದ ಮಟ್ಟಕ್ಕೆ ಹೋಲಿಸಿ. ಅಂಗಳ ಎಷ್ಟು ಮೇಲಿದೆಯೋ ಅಲ್ಲಿ ಸುಮಾರಾಗಿ ಅಷ್ಟು ಹೂಳು.

ಕೆರೆ ಒಣಗಿದ್ದಾಗ ಅಂಗಳದಲ್ಲಿ ಅಲ್ಲಲ್ಲಿ ಸಣ್ಣ ಗುಂಡಿ ತೋಡಿ ಮಣ್ಣಿನ ಪದರವನ್ನೂ ನೋಡಿ. ಮೇಲಿನ ಹೂಳು ಮುಗಿದು ಗಟ್ಟಿ ಜೇಡಿ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಬೇಕು. ನೀರನ್ನು ಹಿಡಿದಿಡುವುದೇ ಆ ಜೇಡಿ. ಯಂತ್ರ ಅದನ್ನೂ ಸೀಳಿ ಕೆಳಗಿನ ಮೊರಂ (ಜಲ್ಲಿಯಂಥ ಸಡಿಲ ಮಣ್ಣು) ಮುಟ್ಟಿದರೆ ನೀರು ಇಂಗಿಹೋಗುತ್ತದೆ. ಏರಿಯ ಬುಡದಲ್ಲಂತೂ ಅಗೆಯಲೇಬಾರದು.

ಲೆಕ್ಕ ಹಾಕಿ

ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 1,000 ಘನ ಮೀಟರ್ ನೀರು. ಜಲಾನಯನ 4 ಚದರ ಕಿಲೋಮೀಟರ್, ವರ್ಷದ ಮಳೆ 700 ಮಿಲಿಮೀಟರ್ ಅಂದುಕೊಳ್ಳಿ. ಒಟ್ಟು 28 ಲಕ್ಷ ಘನ ಮೀಟರ್ ಆಯಿತು. ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ 2.8 ಲಕ್ಷ. ಭತ್ತಕ್ಕೆ ಎಕರೆಗೆ ಸುಮಾರು 4,900 ಘನ ಮೀಟರ್ ಹಿಡಿದರೆ 57 ಎಕರೆಗೆ ನೀರು. ಆವಿಯಾಗುವುದು, ಇಂಗುವುದು ಕಳೆದರೆ ಇನ್ನೂ ಕಡಿಮೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 150 ಎಕರೆ ಇದ್ದು ಎಲ್ಲರೂ ಭತ್ತವೇ ಹಾಕುತ್ತೇವೆ ಅಂದರೆ, ಎಷ್ಟು ಹೂಳೆತ್ತಿದರೂ ಸಾಲದು. ರಾಗಿಯಾದರೆ ಇದರ ಅರ್ಧವೂ ಬೇಡ.

ಈ ಲೆಕ್ಕ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನವಿದೆ. ಕಾಲ 1369. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗ, ಕೆರೆಗಿರಬಾರದ 6 ದೋಷಗಳನ್ನೂ ಹೇಳಿದ್ದಾರೆ. ಏರಿಯಲ್ಲಿ ಜಿನುಗು ಒಂದು ದೋಷ. ನೀರು ಕಡಿಮೆ, ನೆಲ ಜಾಸ್ತಿ ಇನ್ನೊಂದು. ಕೆರೆಯ ನಡುವೆ ಆಮೆಬೆನ್ನಿನಂತೆ ದಿಬ್ಬ ಇರುವುದು ಮತ್ತೊಂದು. ಈಗ ನಾವು ಎತ್ತಿದ ಹೂಳನ್ನು ಸಾಗಿಸಲಾರದೆ ನಡುವೆಯೇ ಗುಡ್ಡೆ ಹಾಕಿ ದ್ವೀಪ ಅನ್ನುತ್ತೇವಲ್ಲ, ಅದೇ ದೋಷ!

ಕಲ್ಲುಗಳನ್ನು ಹುಡುಕಿ

ಏರಿ, ತೂಬು, ಕೋಡಿ, ಹತ್ತಿರದ ಗುಡಿಯ ಸುತ್ತ ಬರಹದ ಕಲ್ಲು, ವೀರಗಲ್ಲು ಇವೆಯೇ ನೋಡಿ. ಸಿಕ್ಕರೆ ನೀರು, ಮೆದು ಬ್ರಷ್‌ನಿಂದ ಮಾತ್ರ ತೊಳೆಯಿರಿ. ಸುಣ್ಣ, ಬಣ್ಣ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ಸುಮ್ನೆ ಅಗೆಯಲು ಹೋಗಬೇಡಿ. ಹಳೆಯ ಮಡಕೆ ಚೂರು, ಕಬ್ಬಿಣದ ಕಿಟ್ಟ ಕಂಡರೆ ಜಾಗ ಗುರುತಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಿ. ಶಾಸನ ಆಗಲೇ ಓದಿಯಾಗಿದೆಯೇ ಅಂತ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿರುವ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕಿನ ಹೆಸರು ಹಿಡಿದು ಹುಡುಕಬಹುದು.

ಶಾಸನದಿಂದ ಕೆರೆಯ ವಯಸ್ಸಷ್ಟೇ ಅಲ್ಲ, ಅದರ ಖರ್ಚಿನ ವ್ಯವಸ್ಥೆಯೂ ತಿಳಿಯುತ್ತದೆ. ಬೆಂಗಳೂರಿನ ಅಗರದಲ್ಲಿ ಗಂಗರ ಕಾಲದ, 9ನೇ ಶತಮಾನದ ಶಾಸನವಿದೆ. ಇರುಗಮಯ್ಯ ಎಂಬವನು ಎರಡು ಕೆರೆಗೆ ತೂಬು ಇಡಿಸಿ, ಮೂರನೆಯದೊಂದನ್ನು ಕಟ್ಟಿಸಿ, ಮೂರಕ್ಕೂ ಬಿತ್ತುವಟ್ಟ ಪಡೆದ ಅಂತ ಅದು ಹೇಳುತ್ತದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ಕಟ್ಟುವಾಗಲೇ ಮುಂದಿನ ದುರಸ್ತಿಗೂ ದಾರಿ ಮಾಡಿರುತ್ತಿದ್ದರು. ನಮ್ಮ ಈಗಿನ ಯೋಜನೆಗಳಲ್ಲಿ ಅದೇ ಕಾಣುವುದಿಲ್ಲ, ಅಲ್ವಾ?

ಯಾರಿಗೆ ಕೊಡಬೇಕು

ನಕ್ಷೆ, ಅಳತೆ, ಫೋಟೋ, ನೀರಿನ ಲೆಕ್ಕ ಎಲ್ಲ ಸೇರಿಸಿ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಯದು. ಅರ್ಜಿಯಲ್ಲಿ 'ಕೆರೆ ಅಭಿವೃದ್ಧಿ ಮಾಡಿ' ಅಂತ ಬರೆದು ಬಿಡಬೇಡಿ. ಇಂಥ ಸರ್ವೆ ನಂಬರಿನ ಮೋರಿ ಇಷ್ಟು ಅಡಿ ಇಳಿಸಬೇಕು, ತೂಬಿನ ಬಳಿ ಇಷ್ಟು ಅಡಿ ಹೂಳು ತೆಗೆಯಬೇಕು ಅಂತ ಬಿಡಿಬಿಡಿಯಾಗಿ ಕೇಳಿ. ಮುಂದಿನ ಮಳೆಗಾಲದಲ್ಲಿ ಕೋಡಿ ಬಿದ್ದ ದಿನ, ಅಲ್ಲಿಯ ತನಕ ಬಿದ್ದ ಮಳೆ ಎರಡನ್ನೂ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.