ಆಪ್ಟೋಮೆಟ್ರಿ ಸೀಟಿಗೆ ಕಾಯುತ್ತಾ ಒಂದು ವರ್ಷ: ನಾನು ಪ್ಲಾನ್ ಮಾಡಿದ್ದು ಹೀಗೆ

ಡಿಗ್ರಿ ಮುಗಿದ ಮೇಲೆ ಆಪ್ಟೋಮೆಟ್ರಿ (ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಡಾಕ್ಟರಾಗುವ ಓದು) ಸೇರುವ ಮೊದಲು ಒಂದು ವರ್ಷದ ಬಿಡುವು, ಅಂದರೆ ಗ್ಯಾಪ್ ಇಯರ್, ತಗೊಂಡೆ ಅಂದ ತಕ್ಷಣ ಎಲ್ಲರೂ ಕೇಳೋದು, ಆ ವರ್ಷದಲ್ಲಿ ಏನು ಮಾಡಿದೆ ಅಂತ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಆ ವರ್ಷ ಶುರುವಾಗುವ ಮೊದಲು ಏನೇನು ಮುಗಿಸಿಟ್ಟಿದ್ದೆ ಅನ್ನೋದು.

ಸುಮ್ನೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಿ. ಅಮೆರಿಕದ ಆಪ್ಟೋಮೆಟ್ರಿ ಕಾಲೇಜುಗಳಿಗೆ ಆಪ್ಟಮ್‌ಕ್ಯಾಸ್ ಅನ್ನುವ ಒಂದೇ ಪೋರ್ಟಲ್ ಮೂಲಕ ಅರ್ಜಿ ಹೋಗುತ್ತದೆ. ಅದು ತೆರೆಯುವುದು ಬೇಸಿಗೆಯಲ್ಲಿ, ಸೀಟು ಸಿಗುವುದು ಮುಂದಿನ ವರ್ಷದ ಆಗಸ್ಟಿಗೆ. ಹೆಚ್ಚಿನ ಕಾಲೇಜುಗಳದ್ದು ರೋಲಿಂಗ್ ಅಡ್ಮಿಷನ್, ಅಂದರೆ ಅರ್ಜಿ ಬಂದ ಹಾಗೆಲ್ಲ ನೋಡಿ, ಇಂಟರ್‌ವ್ಯೂಗೆ ಕರೆದು, ಸೀಟು ಕೊಡುತ್ತಾ ಹೋಗುತ್ತಾರೆ. ಕೊನೆಯ ದಿನಾಂಕ ತುಂಬಾ ದೂರ ಇರುತ್ತದೆ, ನಿಜ. ಆದರೆ ಅಲ್ಲಿವರೆಗೆ ಕೂತರೆ ಉಳಿದ ಸೀಟಿಗೆ ಪೈಪೋಟಿ ಮಾಡಬೇಕು. ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿ ಬೇಸಿಗೆಯಲ್ಲೇ ಅರ್ಜಿ ಕಳಿಸುವವರಿಗೆ ಗ್ಯಾಪ್ ಇಯರ್ ಇನ್ನೂ ಶುರುವೇ ಆಗಿರುವುದಿಲ್ಲ, ಅಲ್ವಾ? ಹಾಗಾಗಿ ಅರ್ಜಿಯಲ್ಲಿ ಕಾಣಬೇಕಾದದ್ದೆಲ್ಲ, ಅಂದರೆ ಪರೀಕ್ಷೆಯ ಅಂಕ, ಕ್ಲಿನಿಕ್‌ನಲ್ಲಿ ಡಾಕ್ಟರ ಜೊತೆ ನಿಂತು ನೋಡಿದ ಅನುಭವ, ಶಿಫಾರಸು ಪತ್ರ, ಎಲ್ಲವೂ ಕೊನೆಯ ವರ್ಷದ ಓದಿನ ಜೊತೆಗೇ ಆಗಬೇಕು. ಗ್ಯಾಪ್ ಇಯರ್‌ನ ಕೆಲಸ ಉಪಯೋಗಕ್ಕೆ ಬರುವುದು ಇಂಟರ್‌ವ್ಯೂ ಹೊತ್ತಿಗೆ.

ಅದಕ್ಕೇ ಆಪ್ಟೋಮೆಟ್ರಿಯ ಪ್ರವೇಶ ಪರೀಕ್ಷೆಯಾದ ಒಎಟಿಯನ್ನು ಪೋರ್ಟಲ್ ತೆರೆಯುವ ಮೊದಲೇ ಬರೆದು ಮುಗಿಸಿದೆ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ ಸೇರಿದ ಒಂದು ಭಾಗ, ಆಮೇಲೆ ರೀಡಿಂಗ್, ಫಿಸಿಕ್ಸ್, ಗಣಿತ. ಅಂಕ 200ರಿಂದ 400ರ ನಡುವೆ ಬರುತ್ತದೆ. ಡೆಂಟಲ್ ಕಾಲೇಜಿನ ಪ್ರವೇಶ ಪರೀಕ್ಷೆ ಡಿಎಟಿಯ ಪುಸ್ತಕ ಯಾರಾದರೂ ಕೊಟ್ಟರೆ ಕೆಮಿಸ್ಟ್ರಿಗೆ ಚೆನ್ನಾಗಿ ಉಪಯೋಗ ಆಗುತ್ತದೆ, ಆದರೆ ಅದರಲ್ಲಿ ಫಿಸಿಕ್ಸ್ ಇರುವುದಿಲ್ಲ. ಫಿಸಿಕ್ಸ್ ತರಗತಿ ಮುಗಿದ ಬಿಸಿಯಲ್ಲೇ ಪರೀಕ್ಷೆ ಬರೆದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗ್ಯಾಪ್ ಇಯರ್‌ನಲ್ಲಿ ಪೂರ್ತಿ ಟೈಮ್ ಸಿಗುತ್ತೆ, ಆಗ ಓದ್ತೀನಿ ಅಂತ ಇಟ್ಟುಕೊಂಡರೆ ಅರ್ಜಿಯೂ ಅಷ್ಟೇ ತಡ ಆಗುತ್ತದೆ.

ಪತ್ರಗಳ ವಿಷಯ ಚಿಕ್ಕದು. ಹಲವು ಕಾಲೇಜುಗಳು ಒಬ್ಬ ಆಪ್ಟೋಮೆಟ್ರಿಸ್ಟ್ ಬರೆದ ಪತ್ರ ಬೇಕು ಅನ್ನುತ್ತವೆ. ಪೋರ್ಟಲ್ಲೇ ಅವರಿಗೆ ಈಮೇಲ್ ಕಳಿಸುತ್ತದೆ, ಅವರು ನೇರ ಅಲ್ಲೇ ಹಾಕುತ್ತಾರೆ. ಕೇಳುವಾಗ ನಮ್ಮ ಬಗ್ಗೆ ಒಂದು ಪುಟ ಬರೆದು ಕೊಟ್ಟರೆ ಅವರಿಗೂ ಸುಲಭ. ಪೋರ್ಟಲ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಕೋರ್ಸುಗಳ ಪಟ್ಟಿ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಒಂದೊಂದೇ ಕೋರ್ಸನ್ನು ನಾವೇ ತುಂಬಬೇಕು. ಬೇಸಿಗೆಯಲ್ಲಿ ಒಂದೇ ಒಂದು ಕೋರ್ಸ್ ಮಾಡಿದ ಕಮ್ಯುನಿಟಿ ಕಾಲೇಜಿನಿಂದಲೂ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕು. ಅವು ತಲುಪಿ, ಪೋರ್ಟಲ್ಲಿನವರು ಪರಿಶೀಲಿಸಿ ಮುಗಿಸುವವರೆಗೆ ಅರ್ಜಿ ಮುಂದೆ ಹೋಗಲ್ಲ, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು.

ಈಗ ನಮ್ಮಂಥವರ ನಿಜವಾದ ತಲೆಬಿಸಿಗೆ ಬರ್ತೀನಿ. ನಾನು ಎಫ್-1 ವೀಸಾದಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳ ವೀಸಾದಲ್ಲಿ, ಓದಿದವಳು. ಇಲ್ಲೇ ಹುಟ್ಟಿದ ಗೆಳತಿಯರ ಹಾಗೆ "ಒಂದು ವರ್ಷ ಆರಾಮಾಗಿ ಇರ್ತೀನಿ" ಅನ್ನುವ ಅವಕಾಶ ನಮಗೆ ಇಲ್ಲ. ಇಲ್ಲಿ ಉಳಿಯಬೇಕು ಅಂದರೆ ನಮಗಿದ್ದ ದಾರಿ ಒಪಿಟಿ, ಅಂದರೆ ಓದು ಮುಗಿದ ಮೇಲೆ ಇಲ್ಲೇ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ. ಅದು 12 ತಿಂಗಳು. ಓದಿದ ವಿಷಯಕ್ಕೆ ನೇರ ಸಂಬಂಧ ಇರುವ ಕೆಲಸ, ವಾರಕ್ಕೆ ಕನಿಷ್ಠ 20 ಗಂಟೆ, ಒಟ್ಟು ಕೆಲಸವಿಲ್ಲದ ದಿನ 90 ಮೀರಬಾರದು. ಕೆಲಸದ ಪರ್ಮಿಟ್ ಕಾರ್ಡ್ ಬಂದು ಅದರಲ್ಲಿರುವ ದಿನಾಂಕ ಶುರುವಾಗುವ ತನಕ ಕ್ಲಿನಿಕ್‌ನಲ್ಲಿ ಕೆಲಸಕ್ಕೆ ನಿಲ್ಲುವ ಹಾಗಿಲ್ಲ. ಒಪಿಟಿ ಅರ್ಜಿಯನ್ನು ಕೋರ್ಸ್ ಮುಗಿಯುವ 90 ದಿನ ಮೊದಲೇ ಹಾಕಬಹುದು. ಹಾಕಿಬಿಡಿ.

ಇದರಲ್ಲಿ ಒಂದು ವಿಷಯದ ಬಗ್ಗೆ ನಾನು ತುಂಬಾ ಯೋಚನೆ ಮಾಡಿದೆ: ಒಪಿಟಿ ಶುರುವಾಗುವ ದಿನ. ಕೋರ್ಸ್ ಮುಗಿದ ಮೇಲಿನ 60 ದಿನದೊಳಗೆ ಯಾವ ದಿನವನ್ನಾದರೂ ನಾವೇ ಆರಿಸಿಕೊಳ್ಳಬಹುದು. ಮೇ ತಿಂಗಳಲ್ಲೇ ಶುರು ಮಾಡಿದರೆ ಮುಂದಿನ ಮೇಗೆ ಮುಗಿಯುತ್ತದೆ, ಕಾಲೇಜು ಶುರುವಾಗುವುದು ಆಗಸ್ಟ್, ನಡುವೆ ಸಂಬಳವಿಲ್ಲದ ಬೇಸಿಗೆ. ನಾನು ಜುಲೈ ಆರಿಸಿದೆ. ಕೆಲಸ ಹುಡುಕುವುದಕ್ಕೂ ಸಮಯ ಸಿಕ್ಕಿತು, ಮುಂದಿನ ಜುಲೈವರೆಗೆ ಸಂಬಳವೂ ಬಂತು. ಒಂದು ದಿನಾಂಕ ಸರಿಯಾಗಿ ಆರಿಸಿದ್ದರಿಂದ ಅಪ್ಪನಿಂದ ಎರಡು ತಿಂಗಳ ಬಾಡಿಗೆ ಕೇಳುವುದು ತಪ್ಪಿತು. ಕೆಲಸಕ್ಕೂ ನಾನು ಡಿಗ್ರಿಯಲ್ಲಿ ಓದಿದ ಬಯಾಲಜಿಗೂ ಏನು ಸಂಬಂಧ ಅಂತ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಬರೆದು ಕೊಡಬೇಕು. ಕಣ್ಣಿನ ರಚನೆ, ಔಷಧಿ ಹನಿ ಹೇಗೆ ಕೆಲಸ ಮಾಡುತ್ತೆ, ಯಾವ ಪರೀಕ್ಷೆ ಏನನ್ನು ಅಳೆಯುತ್ತೆ ಅಂತ ನನ್ನ ಕೋರ್ಸುಗಳಿಗೆ ಜೋಡಿಸಿ ಬರೆದೆ. ನಿಮ್ಮ ಕೆಲಸದಲ್ಲಿ ಬರೀ ಫೋನ್ ಎತ್ತೋದು, ಫ್ರೇಮ್ ಮಾರೋದು ಮಾತ್ರ ಇದ್ದರೆ ಇದನ್ನು ಬರೆಯೋದು ಕಷ್ಟ. ಕೆಲಸ ಒಪ್ಪುವ ಮೊದಲೇ ರೋಗಿಗಳ ಕಣ್ಣಿನ ಪರೀಕ್ಷೆ ಮಾಡಲು ಬಿಡುತ್ತೀರಾ ಅಂತ ಕೇಳಿ.

ನನಗೆ ಸಿಕ್ಕಿದ್ದು ಟೆಕ್ನಿಶಿಯನ್ ಕೆಲಸ. ಡಾಕ್ಟರು ನೋಡುವ ಮೊದಲು ರೋಗಿಯನ್ನು ಕೂರಿಸಿ, ಏನು ತೊಂದರೆ ಅಂತ ಕೇಳಿ ಬರೆದು, ಹಳೆಯ ಕನ್ನಡಕದ ಪವರ್ ಲೆನ್ಸೋಮೀಟರಿನಲ್ಲಿ ಅಳೆದು, ಕಣ್ಣಿನ ಒತ್ತಡ ನೋಡುವುದು. ಅದರಲ್ಲಿ ನನಗೆ ತುಂಬಾ ಕಲಿಸಿದ್ದು ವಿಶುವಲ್ ಫೀಲ್ಡ್ ಪರೀಕ್ಷೆ, ಅಂದರೆ ಕಣ್ಣಿಗೆ ಸುತ್ತಲೂ ಎಲ್ಲಿವರೆಗೆ ಕಾಣುತ್ತದೆ ಅಂತ ನೋಡುವುದು. ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆ) ಇರುವವರಿಗೆ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಗದ್ದ ಆನಿಸಿ, ಬಟ್ಟಲಿನಂಥ ಯಂತ್ರದೊಳಗೆ ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಗುಂಡಿ ಒತ್ತಬೇಕು. ವಯಸ್ಸಾದ ಒಬ್ಬರು ಪ್ರತಿ ಸಲವೂ ಅರ್ಧಕ್ಕೆ ಗಾಬರಿಯಾಗಿ ಕಣ್ಣು ಆ ಕಡೆ ಈ ಕಡೆ ಓಡಿಸುತ್ತಿದ್ದರು. ಚುಕ್ಕೆ ಕಾಣಲಿಲ್ಲ ಅಂದರೆ ದೃಷ್ಟಿ ಹೋಯಿತು ಅನ್ನುವ ಭಯ ಅವರಿಗೆ. ಹಾಗೆ ಹುಡುಕಾಡಿದರೆ ರಿಪೋರ್ಟ್ ನಂಬುವ ಹಾಗಿರಲ್ಲ. ಒಂದು ದಿನ ಶುರು ಮಾಡುವ ಮೊದಲು ಪಕ್ಕದಲ್ಲಿ ಕೂತು ಹೇಳಿದೆ: ಯಂತ್ರ ಬೇಕಂತಲೇ ಚುಕ್ಕೆಯನ್ನು ಮಂದ ಮಾಡುತ್ತಾ ಹೋಗುತ್ತೆ, ಎಲ್ಲಿ ಕಾಣೋದು ನಿಲ್ಲುತ್ತೆ ಅಂತ ಹುಡುಕೋದೇ ಅದರ ಕೆಲಸ, ಕಣ್ಣು ಚೆನ್ನಾಗಿರುವ ನನಗೂ ಎಷ್ಟೋ ಚುಕ್ಕೆ ಕಾಣಲ್ಲ. ಗುಂಡಿಯನ್ನು ಒತ್ತಿ ಹಿಡಿದರೆ ಪರೀಕ್ಷೆ ನಿಲ್ಲುತ್ತೆ, ಸುಸ್ತಾದರೆ ಹಾಗೆ ಮಾಡಿ ಅಂತಲೂ ತೋರಿಸಿದೆ. ಆ ದಿನದ ರಿಪೋರ್ಟ್ ನೋಡಿ ಡಾಕ್ಟರು, ಈಗ ಹಳೆಯದರ ಜೊತೆ ಹೋಲಿಸಬಹುದು ಅಂದರು. ಇಂಟರ್‌ವ್ಯೂನಲ್ಲಿ "ಆಪ್ಟೋಮೆಟ್ರಿ ಯಾಕೆ" ಅಂತ ಕೇಳಿದಾಗ ನಾನು ಹೇಳಿದ್ದು ಇದನ್ನೇ. ಕಣ್ಣು ಅದ್ಭುತ ಅಂಗ ಅಂತ ಹೇಳುವವರು ಅವರಿಗೆ ದಿನಾ ಸಿಗುತ್ತಾರೆ.

ದುಡ್ಡಿನ ಮಾತು. ಎಫ್-1ನವರಿಗೆ ಇಲ್ಲಿನ ಫೆಡರಲ್ ಸಾಲ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಇಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಜಾಮೀನು ನಿಲ್ಲಬೇಕು, ಇಲ್ಲ ಅಂದರೆ ಊರಿನ ಬ್ಯಾಂಕಿನಲ್ಲಿ ಆಸ್ತಿ ಅಡವಿಟ್ಟು ಸಾಲ. ಆಪ್ಟೋಮೆಟ್ರಿಯ ಡಿಗ್ರಿ (ಒ.ಡಿ.) ನಾಲ್ಕು ವರ್ಷದ ಕೋರ್ಸ್, ಕಾಲೇಜು ಹೊಸ ಐ-20 (ವಿದ್ಯಾರ್ಥಿ ವೀಸಾಗೆ ಬೇಕಾದ ಪತ್ರ) ಕೊಡುವ ಮೊದಲು ಮೊದಲ ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. ಆ ಕಾಗದಪತ್ರಕ್ಕೆ ಮನೆಯವರು ಬ್ಯಾಂಕಿಗೆ ಓಡಾಡಬೇಕಾಗುತ್ತದೆ. ಸೀಟು ಸಿಕ್ಕ ಮೇಲೆ ಶುರು ಮಾಡಿದರೆ ಉಸಿರು ಬಿಡಲೂ ಆಗಲ್ಲ, ನಾವು ಇಂಟರ್‌ವ್ಯೂಗಳ ಸಮಯದಲ್ಲೇ ಶುರು ಮಾಡಿದೆವು. ಇನ್ನೊಂದು, ಎಲ್ಲ ಕಾಲೇಜೂ ನಮ್ಮನ್ನು ತೆಗೆದುಕೊಳ್ಳುವುದಿಲ್ಲ. ಪ್ರತಿ ಕಾಲೇಜಿನ ಅರ್ಜಿಗೂ ಬೇರೆ ದುಡ್ಡು ಕಟ್ಟಬೇಕಾದ್ದರಿಂದ, ವಿದೇಶಿ ವಿದ್ಯಾರ್ಥಿಗಳಿಗೆ ಸೀಟು ಇದೆಯಾ ಅಂತ ಮೊದಲೇ ಈಮೇಲ್ ಹಾಕಿ ಕೇಳಿ, ಆ ಉತ್ತರದ ಮೇಲೆ ಪಟ್ಟಿ ಮಾಡಿದೆ.

ಅಮ್ಮನಿಗೆ ಮಾತ್ರ ಕೊನೆವರೆಗೂ ಒಂದೇ ಚಿಂತೆ, "ವರ್ಷ ಸುಮ್ನೆ ಹೋಗತ್ತಲ್ಲ ಕಣೇ" ಅಂತ. ಅವಳಿಗೆ ಪ್ರತಿ ವಾರ ಕ್ಲಿನಿಕ್‌ನಲ್ಲಿ ಕಲಿತದ್ದು ಹೇಳುತ್ತಿದ್ದೆ. ತನ್ನ ಕಣ್ಣಿನ ಒತ್ತಡ ಎಷ್ಟಿದೆ ಅಂತ ಅವಳೇ ಹೋಗಿ ತೋರಿಸಿಕೊಂಡು ಬಂದಳು, ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಸೀಟು ಬಂದ ಮೇಲೆ ಉಳಿಯುವುದು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆ) ಟ್ರಾನ್ಸ್‌ಫರ್. ಹಳೆಯ ಕಾಲೇಜಿನಿಂದ ನಿಮ್ಮ ದಾಖಲೆ ಹೊಸ ಕಾಲೇಜಿಗೆ ಹೋಗುವ ದಿನವನ್ನು ನೀವು, ಹಳೆಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಸೇರಿ ನಿಗದಿ ಮಾಡುತ್ತೀರಿ. ಆ ದಿನ ಬಂತು ಅಂದರೆ ಒಪಿಟಿಯಲ್ಲಿ ಇನ್ನೂ ಸಮಯ ಉಳಿದಿದ್ದರೂ ಕೆಲಸ ಮಾಡುವ ಹಾಗಿಲ್ಲ. ಕ್ಲಿನಿಕ್‌ಗೆ ಕೊನೆಯ ದಿನ ಯಾವುದು ಅಂತ ತಿಳಿಸಿ, ಅದರ ಮರುದಿನಕ್ಕೆ ಟ್ರಾನ್ಸ್‌ಫರ್ ಇಡಿಸಿಕೊಳ್ಳಿ. ಕೋರ್ಸ್ ಶುರುವಾಗುವ ದಿನ ಟ್ರಾನ್ಸ್‌ಫರ್‌ನಿಂದ ಐದು ತಿಂಗಳೊಳಗೆ ಇರಬೇಕು ಅನ್ನುವ ನಿಯಮ ಇದೆ, ಜುಲೈ-ಆಗಸ್ಟ್ ಆದರೆ ಅದರ ಯೋಚನೆ ಬೇಡ.