ಹಾರ್ಡ್‌ನೆಸ್ ಸರಿ ಇತ್ತು, ಆದರೂ ಪಿನ್ ಮುರಿಯಿತು

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್ ಇದೆ, ಅಂದರೆ ಉಕ್ಕನ್ನು ಕಾಯಿಸಿ, ತಣಿಸಿ ಹದಗೊಳಿಸುವ ಜಾಗ. ಕಬ್ಬಿನ ಹಂಗಾಮು ಹತ್ತಿರ ಬಂದ ಹಾಗೆ ಟ್ರೇಲರ್ ಪಿನ್ನುಗಳು ರಾಶಿ ರಾಶಿ ಬರುತ್ತವೆ. ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವ ಪಿನ್ನು. 50 ಮಿ.ಮೀ. ದಪ್ಪ, ಇಎನ್19 ಎಂಬ ದರ್ಜೆಯ ಉಕ್ಕು. ಅದರಲ್ಲಿ ಕಾರ್ಬನ್ ಸುಮಾರು 0.4 ಶೇಕಡಾ, ಕ್ರೋಮಿಯಂ ಒಂದು ಶೇಕಡಾದಷ್ಟು, ಜೊತೆಗೆ ಸ್ವಲ್ಪ ಮಾಲಿಬ್ಡಿನಂ. ಗಿರಾಕಿ ಕೇಳುವುದು ಒಂದೇ: ಹಾರ್ಡ್‌ನೆಸ್, ಅಂದರೆ ಗಡಸುತನ, 28ರಿಂದ 32 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಅಳತೆ).

ಒಂದು ಹಂಗಾಮಿನ ನಡುವೆ ಫೋನ್ ಬಂತು.

"ಸಾಹೇಬ್ರ, ಪಿನ್ನ ಮುರದೈತ್ರಿ. ಗಾಡಿ ಹಾದ್ಯಾಗ ನಿಂತೈತಿ."

"ಯಾರಿಗೂ ಏನೂ ಆಗಿಲ್ಲಲ್ರಿ ಕಾಕಾ? ಎರಡೂ ತುಂಡ ಹಂಗ ತಗೊಂಡ ಬರ್ರಿ. ಒಂದಕ್ಕೊಂದು ತಿಕ್ಕಬ್ಯಾಡ್ರಿ."

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಬಿಟ್ಟುಕೊಂಡಿದ್ದರೆ?

ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದೆ. ತಲೆಯ ಕೆಳಗಿನ ಮೂಲೆಯಿಂದ ಉಗುರಿನಷ್ಟು ಜಾಗ ನುಣ್ಣಗಿತ್ತು, ಅದರಲ್ಲಿ ಕಮಾನಿನಂಥ ಗೆರೆಗಳು. ಬಿರುಕು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆಳೆದಿದ್ದರ ಗುರುತು ಅದು. ಉಳಿದ ಭಾಗವೆಲ್ಲ ಸಕ್ಕರೆ ಹರಳು ಚೆಲ್ಲಿದ ಹಾಗೆ ಮಿನುಗುತ್ತಿತ್ತು. ಗಟ್ಟಿಮುಟ್ಟಾದ ಉಕ್ಕು ಹೀಗೆ ಮಿನುಗುವುದಿಲ್ಲ. ಮುರಿಯುವ ಮೊದಲು ಜಗ್ಗುತ್ತದೆ, ಮುರಿದ ಜಾಗ ಬೂದು ಬಣ್ಣಕ್ಕೆ ನಾರುನಾರಾಗಿ ಕಾಣುತ್ತದೆ. ಹಾರ್ಡ್‌ನೆಸ್ ನೋಡಿದೆ. 30. ಕಾಗದದ ಪ್ರಕಾರ ಪಿನ್ ಪಾಸ್!

ತುಂಡು ಕತ್ತರಿಸಿ, ಬೇಕಲೈಟ್ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ಒಳಗಿನ ರಚನೆ ಕಾಣಲೆಂದು 2 ಶೇಕಡಾ ನೈಟಾಲ್ (ನೈಟ್ರಿಕ್ ಆಸಿಡ್ ಬೆರೆಸಿದ ಆಲ್ಕೊಹಾಲ್) ಹಚ್ಚಿದೆ. ಮೈಕ್ರೋಸ್ಕೋಪಿನಲ್ಲಿ ಅಂಚಿನ ಕಡೆ ಚೆನ್ನಾಗಿಯೇ ಇತ್ತು. ನಡುವಿಗೆ ಸರಿಸಿದೆ. ದಪ್ಪ ದಪ್ಪ ಗ್ರೇನುಗಳು (ಉಕ್ಕಿನ ಹರಳುಗಳು), ಅವುಗಳ ಗಡಿಗುಂಟ ಬಿಳಿ ಫೆರೈಟ್ ಎಂಬ ಮೆತ್ತನೆಯ ಕಬ್ಬಿಣ, ಒಳಗೆ ಒರಟು ಬೈನೈಟ್. ಇವೆರಡೂ ಉಕ್ಕು ಬೇಗ ತಣಿಯದಿದ್ದಾಗ ಹುಟ್ಟುವ ರಚನೆಗಳು. ಅಲ್ಲಿ ಇರಬೇಕಾದದ್ದು ಟೆಂಪರ್ ಆದ ಮಾರ್ಟೆನ್‌ಸೈಟ್. ಕಾದ ಉಕ್ಕನ್ನು ಎಣ್ಣೆಯಲ್ಲಿ ಥಟ್ಟನೆ ತಣಿಸಿದರೆ (ಕ್ವೆಂಚ್) ಹುಟ್ಟುವ ಗಡುಸು ರಚನೆ ಮಾರ್ಟೆನ್‌ಸೈಟ್, ಅದನ್ನು ಮತ್ತೆ ಹದವಾಗಿ ಕಾಯಿಸುವುದು ಟೆಂಪರಿಂಗ್. ನಮ್ಮ ಪಿನ್ನಿನಲ್ಲಿ ಮಾತ್ರ ಬಿರುಕಿಗೆ ಓಡಲು ದಾರಿ ಮಾಡಿಕೊಟ್ಟ ಹಾಗಿತ್ತು.

ಕಾರಣ ನನ್ನ ಲಾಗ್ ಬುಕ್ಕಿನಲ್ಲೇ ಇತ್ತು. ಆ ಲಾಟನ್ನು 500 ಡಿಗ್ರಿಯಲ್ಲಿ ಟೆಂಪರ್ ಮಾಡಿದ್ದೆವು. ಸರಿಯಾಗಿ ಕ್ವೆಂಚ್ ಆದ ಇಎನ್19 ಆ ಬಿಸಿಗೆ 30ಕ್ಕೆ ಇಳಿಯುವುದೇ ಇಲ್ಲ, ಇನ್ನೂ ಗಡುಸಾಗಿಯೇ ಇರುತ್ತದೆ. ನಮ್ಮಲ್ಲಿ 30 ಬಂದದ್ದು ಎಣ್ಣೆಯಿಂದ ಮೇಲೆತ್ತಿದಾಗಲೇ ಹಾರ್ಡ್‌ನೆಸ್ ಕಡಿಮೆ ಇದ್ದದ್ದಕ್ಕೆ. 30ರ ನಂಬರ್ ಹೊಂದಿಸಲು ಟೆಂಪರಿಂಗ್ ಬಿಸಿಯನ್ನು ಇಳಿಸಿಬಿಟ್ಟಿದ್ದೆವು. ಒಂದೇ ಹಾರ್ಡ್‌ನೆಸ್ಸನ್ನು ಎರಡು ದಾರಿಯಲ್ಲಿ ಮುಟ್ಟಬಹುದು, ಆದರೆ ಒಳಗಿನ ರಚನೆ ಬೇರೆಯಾದರೆ ಪೆಟ್ಟು ತಡೆಯುವ ಶಕ್ತಿಯೂ ಬೇರೆ. ಇದನ್ನು ಓದಿದ್ದೆ. ಕೈಯಲ್ಲಿ ಹಿಡಿದು ನೋಡಿದ್ದು ಅವತ್ತೇ.

ಆಮೇಲೆ ಕೆಲಸ ಮಾಡುವ ರೀತಿಯನ್ನೇ ಬದಲಿಸಿದೆ. ಮೊದಲನೆಯದು ನಾರ್ಮಲೈಸಿಂಗ್. ಫೋರ್ಜಿಂಗ್ ಮಾಡುವಾಗ, ಅಂದರೆ ಬಡಿದು ಆಕಾರ ಕೊಡುವಾಗ, ಉಕ್ಕು 1200 ಡಿಗ್ರಿ ಹತ್ತಿರ ಕಾದಿರುತ್ತದೆ, ಗ್ರೇನ್ ಊದಿಕೊಂಡಿರುತ್ತದೆ. ಕರೆಂಟ್ ಉಳಿಸಲು ಆ ಹಂತ ಬಿಟ್ಟಿದ್ದೆವು, ತಪ್ಪು. ಈಗ 870 ಡಿಗ್ರಿಗೆ ಕಾಯಿಸಿ, ಪಿನ್ನುಗಳನ್ನು ಬಿಡಿಬಿಡಿಯಾಗಿ ಗಾಳಿಯಲ್ಲಿ ಆರಿಸುತ್ತೇವೆ. ಗ್ರೇನ್ ಸಣ್ಣದಾದಷ್ಟೂ ಉಕ್ಕಿನ ಬಲವೂ ಹೆಚ್ಚುತ್ತದೆ, ತಾಳಿಕೆಯೂ ಹೆಚ್ಚುತ್ತದೆ. ಉಳಿದ ಉಪಾಯಗಳಲ್ಲಿ ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಅದಕ್ಕೇ ನಾನು ಈ ಹಂತವನ್ನು ಇನ್ನು ಯಾವತ್ತೂ ಬಿಡುವುದಿಲ್ಲ.

ಎರಡನೆಯದು ಕ್ವೆಂಚ್. ಮೊದಲು ಬುಟ್ಟಿಯಲ್ಲಿ ಪಿನ್ನುಗಳನ್ನು ಸೌದೆ ಒಟ್ಟಿದಂತೆ ಒಟ್ಟುತ್ತಿದ್ದೆವು. ನಡುವಿನ ಪಿನ್ನಿಗೆ ಎಣ್ಣೆ ತಡವಾಗಿ ತಾಗುತ್ತಿತ್ತು, ಅಷ್ಟರಲ್ಲಿ ಫೆರೈಟ್ ಹುಟ್ಟಿರುತ್ತಿತ್ತು. ಈಗ ಜಾಲರಿಗೆ ನೇತುಹಾಕುತ್ತೇವೆ, ನಡುವೆ ಒಂದು ಪಿನ್ನಿನಷ್ಟು ಜಾಗ ಬಿಟ್ಟು. ಒಂದು ಲಾಟಿಗೆ ಅರ್ಧದಷ್ಟೇ ಮಾಲು. 850 ಡಿಗ್ರಿಯಲ್ಲಿ ಎರಡು ತಾಸು ಕಾಯಲು ಬಿಟ್ಟು, 60 ಡಿಗ್ರಿಯ ಎಣ್ಣೆಗೆ ಬಿಡುತ್ತೇವೆ. ಎಣ್ಣೆ ಕಲಕುವ ಪಂಪ್ ಓಡುತ್ತಲೇ ಇರಬೇಕು. ಲಾಟಿಗೊಂದು ತುಂಡು ಬಲಿ ಕೊಡುತ್ತೇನೆ: ಕತ್ತರಿಸಿ, ನಡುಭಾಗದ ಹಾರ್ಡ್‌ನೆಸ್ ಟೆಂಪರಿಂಗಿಗೂ ಮೊದಲೇ ನೋಡುತ್ತೇನೆ. ನಾವು ಇಟ್ಟ ಮಿತಿಗಿಂತ ಕಡಿಮೆ ಬಂದರೆ ಆ ಲಾಟ್ ಮುಂದೆ ಹೋಗುವುದಿಲ್ಲ.

ಪಿನ್ ಇನ್ನೂ ಕೈಗೆ ಬೆಚ್ಚಗಿರುವಾಗಲೇ ಟೆಂಪರಿಂಗ್ ಫರ್ನೇಸಿಗೆ ಹಾಕಬೇಕು. ಮರುದಿನಕ್ಕೆ ಬಿಟ್ಟರೆ ಸುಮ್ನೆ ಕೂತಲ್ಲೇ ಬಿರುಕು ಬಿಡಬಹುದು. ಈಗ 30 ಬರಬೇಕೆಂದರೆ 620 ಡಿಗ್ರಿ ಬೇಕಾಗುತ್ತದೆ. ಆ ಬಿಸಿಯಲ್ಲಿ ಕಾರ್ಬೈಡ್ (ಕಾರ್ಬನ್ ಸೇರಿದ ಗಡುಸು ಕಣ) ಸಣ್ಣ ಸಣ್ಣ ಉಂಡೆಯಾಗಿ ಹರಡಿಕೊಳ್ಳುತ್ತದೆ, ಒಳಗಿನ ಬಿಗಿ ಸಡಿಲವಾಗುತ್ತದೆ. ಚಾರ್ಪಿ ಟೆಸ್ಟಿಗೆ (ತುಂಡು ಎಷ್ಟು ಪೆಟ್ಟು ತಡೆಯುತ್ತದೆ ಎಂದು ಅಳೆಯುವ ಪರೀಕ್ಷೆ) ಹಳೆಯ ಲಾಟಿನ ತುಂಡು, ಹೊಸದರ ತುಂಡು ಎರಡನ್ನೂ ಕಳಿಸಿದೆ. ಹಾರ್ಡ್‌ನೆಸ್ ಎರಡರದ್ದೂ ಒಂದೇ, ಆದರೆ ಹೊಸದು ಎರಡು ಪಟ್ಟಿಗೂ ಜಾಸ್ತಿ ಪೆಟ್ಟು ತಿಂದಿತು. ತಲೆಯ ಕೆಳಗಿನ ಚೂಪು ಮೂಲೆಯನ್ನೂ ದುಂಡಗೆ ಮಾಡಿಸಿದೆವು.

ಹಂಗಾಮು ಮುಗಿದ ಮೇಲೆ ಅದೇ ಕಾಕಾ ಒಂದು ಪಿನ್ ತಂದರು. ಗಾಡಿ ಕಾಲುವೆಗೆ ಇಳಿದಾಗ ಬಾಗಿತ್ತು, ಮುರಿದಿರಲಿಲ್ಲ. ಅವರಿಗೀಗ ಇನ್ನೂ ದಪ್ಪ, 80 ಮಿ.ಮೀ. ಪಿನ್ ಬೇಕಂತೆ. ಅಷ್ಟು ದಪ್ಪಕ್ಕೆ ನಮ್ಮ ಎಣ್ಣೆಯಲ್ಲಿ ಇಎನ್19 ನಡುವಿನವರೆಗೂ ಪೂರ್ತಿ ಮಾರ್ಟೆನ್‌ಸೈಟ್ ಆಗುವುದಿಲ್ಲ. ನಿಕ್ಕಲ್ ಇರುವ ಇಎನ್24 ತರಿಸಿದ್ದೇನೆ. ಮೊದಲ ತುಂಡು ನಾಳೆ ಕತ್ತರಿಸುತ್ತೇನೆ.