ಕಾಸ್ಟಿಕ್‌ನಲ್ಲಿ ಕರಗಿದ ಅಲ್ಯೂಮಿನಿಯಂ ಅನ್ನು ತಳಕ್ಕಿಳಿಸುವ ಬಗೆ

ಅಲ್ಯೂಮಿನಿಯಂ ಕರಗಿದ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಆಮ್ಲ ಬೀಳುತ್ತದೆ, ಬಿಳಿ ಗಸಿ ಬರುತ್ತದೆ, ಇನ್ನೂ ಸ್ವಲ್ಪ ಬರಲಿ ಅಂತ ಇನ್ನೊಂಚೂರು ಸುರಿದರೆ ಬಂದ ಗಸಿಯೂ ಕರಗಿ ಮಾಯ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಗುಣವೇ ಹಾಗೆ. ಗಟ್ಟಿ ಕ್ಷಾರದಲ್ಲೂ ಕರಗುತ್ತದೆ, ಆಮ್ಲದಲ್ಲೂ ಕರಗುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುವುದು ಸುಮಾರು ಪಿಎಚ್ 6ರಿಂದ 9ರ ನಡುವೆ. ಅದಕ್ಕೇ ನಾನು ಹೇಳುವುದು ಇಷ್ಟೇ: ಆಮ್ಲ ಬೇಡ, ಇಂಗಾಲದ ಡೈಆಕ್ಸೈಡ್ ಹಾಯಿಸಿ. ಅದು ಜಾಸ್ತಿಯಾದರೂ ಗಸಿ ಕರಗುವುದಿಲ್ಲ.

ಶಿವಮೊಗ್ಗ ಕಡೆಯ ಕಾಲೇಜು ಲ್ಯಾಬಿನಲ್ಲಿ ಸಿಗುವ ಸಾಮಾನು ಸಾಕು. 100 ಮಿಲಿ ನೀರಿಗೆ 2.5 ಗ್ರಾಂ ಕಾಸ್ಟಿಕ್ ಹಾಕಿ ಕರಗಿಸಿ, 1 ಗ್ರಾಂ ಅಲ್ಯೂಮಿನಿಯಂ ಫಾಯಿಲ್ ಅನ್ನು ಚೂರುಚೂರಾಗಿ ಬಿಡಿ. ಕನ್ನಡಕ, ಕೈಗವಸು ಹಾಕದೆ ಕೈ ಹಚ್ಚಬೇಡಿ. ಒಂದು ಲೀಟರಿಗಿಂತ ಜಾಸ್ತಿ ಹೈಡ್ರೋಜನ್ ಹೊರಬರುತ್ತದೆ, ಹಾಗಾಗಿ ಹತ್ತಿರ ಬೆಂಕಿ ಬೇಡ, ಮಳೆ ಅಂತ ಕಿಟಕಿ ಮುಚ್ಚಿಕೊಂಡು ಕೂರುವುದೂ ಬೇಡ.

ಗುಳ್ಳೆ ನಿಂತ ಮೇಲೆ ಕಪ್ಪು ಕಣಗಳು ತೇಲುತ್ತಿರುತ್ತವೆ. ಕಬ್ಬಿಣದಂಥ ಕಲ್ಮಶ ಅದು. ಈಗಲೇ ಸೋಸಿಬಿಡಿ, ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ ಅನ್ನುವುದೇ ಇಲ್ಲಿನ ಅನುಕೂಲ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಅನ್ನುವ ಕೆಂಪು ಕಲ್ಲಿನಲ್ಲೂ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಇವೆ, ಆದರೆ ಅದನ್ನು ಹೀಗೆ ಬೀಕರಿನಲ್ಲಿ ಕುದಿಸಿ ತೆಗೆಯಲು ಹೋಗಬೇಡಿ. ಅದರಲ್ಲಿರುವ ಜೇಡಿಯ ಸಿಲಿಕಾ ಕೂಡ ಕರಗಿ ಸೇರಿಕೊಳ್ಳುತ್ತದೆ.

ಸೋಸಿದ ತಿಳಿಯನ್ನು 70-80 ಡಿಗ್ರಿಗೆ ಬಿಸಿ ಮಾಡಿ. ಇನ್ನೊಂದು ಬಾಟಲಿಯಲ್ಲಿ ಅಮೃತಶಿಲೆ ಚೂರಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬಂದ ಅನಿಲವನ್ನು ಮೊದಲು ನೀರಿನಲ್ಲಿ ಹಾಯಿಸಿ, ಆಮೇಲೆ ಬೀಕರಿಗೆ ಬಿಡಿ. ಮೊದಮೊದಲು ಏನೂ ಆಗುವುದಿಲ್ಲ. ಉಳಿದ ಕಾಸ್ಟಿಕ್ ಮೊದಲು ಅನಿಲವನ್ನು ನುಂಗುತ್ತದೆ, ಗಾಬರಿ ಬೇಡ. ಆಮೇಲೆ ಕೊಳವೆ ತುದಿಯಲ್ಲಿ ಮಸುಕು ಕಾಣುತ್ತದೆ, ಕಲಕಿದರೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಕಲಕಿದರೂ ಹೋಗುವುದಿಲ್ಲ. ಇಲ್ಲಿಂದ ನಿಧಾನ. ಅವಸರ ಮಾಡಿದರೆ ಗಂಜಿಯಂಥ ಲೋಳೆ ಬಂದು ಸೋಸುವ ಕಾಗದ ಕಟ್ಟಿಕೊಳ್ಳುತ್ತದೆ, ಅಲ್ವಾ.

ಅನಿಲ ಯಾವಾಗ ನಿಲ್ಲಿಸಬೇಕು ಅಂತ ತಿಳಿಯಲು ಅರಿಶಿನ ಕಾಗದವನ್ನು ನೆಚ್ಚಬೇಡಿ. ಪಿಎಚ್ 8ರ ಆಚೆಗೇ ಕೆಂಪಾಗಲು ಶುರುವಾಗುವುದರಿಂದ 9 ಯಾವುದು, 12 ಯಾವುದು ಅಂತ ಅದು ಹೇಳುವುದಿಲ್ಲ. ಪಿಎಚ್ ಕಾಗದ 9ರ ಆಸುಪಾಸು ತೋರಿಸಬೇಕು. ಮೇಲಿನ ತಿಳಿಯನ್ನು ಒಂಚೂರು ಬೇರೆ ತೆಗೆದು ಮತ್ತೆ ಅನಿಲ ಹಾಯಿಸಿ. ಮಸುಕು ಬರದಿದ್ದರೆ ಕೆಲಸ ಮುಗಿದ ಹಾಗೆ. ಅನಿಲದ ಏರ್ಪಾಡು ಇಲ್ಲದಿದ್ದರೆ ಅಡುಗೆ ಸೋಡಾ ನೀರನ್ನು ಹನಿಹನಿಯಾಗಿ ಹಾಕಬಹುದು. ಅಮೋನಿಯಂ ಕ್ಲೋರೈಡ್ ಕೂಡ ನಡೆಯುತ್ತದೆ, ಆದರೆ ಅಮೋನಿಯಾ ಘಾಟು ತಡೆಯಲಾಗುವುದಿಲ್ಲ.

ಲೋಳೆಯ ಬದಲು ಹರಳು ಬೇಕಾದರೆ ಹಿಂದಿನ ಸಲದ ಒಣ ಪುಡಿ ಸ್ವಲ್ಪ ಬೀಜವಾಗಿ ಹಾಕಿ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯಲು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಜೋಸೆಫ್ ಬೇಯರ್ 1888ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲೂ ಇದೇ ಬೀಜದ ಕೆಲಸ. ಕಾರ್ಖಾನೆಗಳು ದ್ರಾವಣ ತಣಿಸಿ, ಬೀಜ ಹಾಕಿ, ಆಮ್ಲ ಸೋಕಿಸದೆ ಹರಳು ತೆಗೆಯುತ್ತವೆ, ಕಾಸ್ಟಿಕ್ ಮತ್ತೆ ಬಳಕೆಗೆ ಹೋಗುತ್ತದೆ.

ಗಸಿಯನ್ನು ಬೆಚ್ಚಗೆ ಒಂದು ತಾಸು ಬಿಟ್ಟು, ಬಿಸಿನೀರಿನಲ್ಲಿ ಕಲಕಿ, ತಿಳಿ ಬಸಿದು, ಮತ್ತೆ ಮತ್ತೆ ತೊಳೆಯಿರಿ. ಮಳೆಗಾಲದ ಕೆಂಪು ಬಾವಿ ನೀರಿಗೆ ಪಟಿಕ ಹಾಕಿದಾಗ ಮಣ್ಣು ಹಿಡಿದು ತಳಕ್ಕೆಳೆಯುವುದೂ ಇದೇ ಹೈಡ್ರಾಕ್ಸೈಡ್, ಸೋಡಿಯಂ ಅನ್ನೂ ಅದೇ ರೀತಿ ಹಿಡಿದುಕೊಂಡಿರುತ್ತದೆ. ಗಡಸು ಬೋರ್ ನೀರು ಬೇಡ, ಭಟ್ಟಿ ಇಳಿಸಿದ ನೀರೇ ಇರಲಿ. ಜುಲೈ ತಿಂಗಳಲ್ಲಿ ಸುಮ್ನೆ ಗಾಳಿಗಿಟ್ಟರೆ ಒಣಗುವುದಿಲ್ಲ, ಓವನ್‌ನಲ್ಲಿ 100-110 ಡಿಗ್ರಿ ಕೊಡಿ. ಒಂದು ಗ್ರಾಂ ಅಲ್ಯೂಮಿನಿಯಂಗೆ ಸುಮಾರು 2.9 ಗ್ರಾಂ ಪುಡಿ ಬರಬೇಕು. ತೂಕ ಅದಕ್ಕಿಂತ ಜಾಸ್ತಿ ಬಂದರೆ ಒಳಗೆ ನೀರೋ ಸೋಡಾವೋ ಉಳಿದಿದೆ, ಮತ್ತೆ ತೊಳೆದು ಒಣಗಿಸಿ.